ನರ್ಸಮ್ಮನ ಕಾರಿನ ಸಿಹಿ ವಾಸನೆ

ಕಾರು ರಿಪೇರಿಯವರ ನಡುವೆ ನಮ್ಮ ಯಜಮಾನರಿಗೆ ‘ಮೂಗಿನ ಮೇಸ್ತ್ರಿ’ ಎಂದು ಹೆಸರು. ಹಾಗೆ ಕರೆದರೆ ಇವರಿಗೆ ಬೇಸರವಿರಲಿಲ್ಲ, ಕಾಲರ್ ಸರಿಮಾಡಿಕೊಳ್ಳುತ್ತಿದ್ದರು. ಬೇರೆ ಮೇಸ್ತ್ರಿಗಳು ಕಾರು ಬಂದ ಕೂಡಲೇ ಬಾನೆಟ್ ಎತ್ತುತ್ತಾರೆ. ಇವರು ಹಾಗಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಡ್ರೈವರ್ ಕಡೆಯ ಬಾಗಿಲು ತೆಗೆಸಿ, ತಲೆ ಒಳಗೆ ಹಾಕಿ ಎರಡು ಸಲ ಉಸಿರೆಳೆದುಕೊಳ್ಳುವುದು. ಆಮೇಲೆ ತೀರ್ಪು. “ಕ್ಲಚ್ ಸುಡ್ತಿದೆ.” “ಪೆಟ್ರೋಲ್ ಪೈಪ್ ಜಿನುಗ್ತಿದೆ, ಹಿಂದಿನ ಸೀಟಿನ ಕೆಳಗೆ.” “ಇಲಿ ಸತ್ತಿದೆ, ಫ್ಯಾನಿನ ಹತ್ರ, ನಾಲ್ಕು ದಿನ ಆಗಿದೆ.” ನಾಲ್ಕು ದಿನ ಎಂದರೆ ನಾಲ್ಕೇ ದಿನ. ಆ ಇಲಿಯೇ ಎದ್ದು ಬಂದು ಹೇಳಿದ್ದರೂ ಅಷ್ಟು ಕರಾರುವಾಕ್ಕಾಗಿ ಹೇಳುತ್ತಿರಲಿಲ್ಲ.

ಶೆಡ್ಡಿನ ಗೋಡೆಗೆ ಒಂದು ಕೈಪಂಪು ನೇತುಹಾಕಿದ್ದರು. ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ಹಸಿರು ನೀರು, ಎಲ್ಲಾದರೂ ಸೋರುತ್ತಿದೆಯೇ ಎಂದು ಒತ್ತಡ ಹಾಕಿ ನೋಡುವ ಪಂಪು. ಯಾರೋ ಮಾರಾಟದವನು ಬಲವಂತ ಮಾಡಿ ಕೊಟ್ಟುಹೋಗಿದ್ದು. “ಮೂಗಿಲ್ಲದವರಿಗೆ ಇದು,” ಎಂದು ಇವರು ಅದನ್ನು ಮೊಳೆಗೆ ಸಿಕ್ಕಿಸಿದವರು ಮತ್ತೆ ಮುಟ್ಟಿರಲಿಲ್ಲ. ಜೇಡ ಅದರಲ್ಲಿ ಸಂಸಾರ ಹೂಡಿತ್ತು.

ನನ್ನ ಕೆಲಸ ಪಕ್ಕದ ಕೋಣೆಯಲ್ಲಿ. ಕಾರಿನ ಸೀಟ್ ಕವರ್ ಹೊಲಿಯುತ್ತೇನೆ, ಹರಿದ ಸೀಲಿಂಗ್ ಬಟ್ಟೆ ಬದಲಾಯಿಸುತ್ತೇನೆ, ಒದ್ದೆ ಕಾರ್ಪೆಟ್ ತೊಳೆದು ಒಣಹಾಕುತ್ತೇನೆ. ಕೋಣೆಗೂ ಶೆಡ್ಡಿಗೂ ನಡುವೆ ಒಂದು ಕಿಟಕಿ, ಅದಕ್ಕೆ ಗಾಜಿಲ್ಲ. ಎಲ್ಲವೂ ಕೇಳಿಸುತ್ತದೆ, ಎಲ್ಲವೂ ಮೂಗಿಗೆ ಬಡಿಯುತ್ತದೆ. ಇಪ್ಪತ್ತಾರು ವರ್ಷ ಆ ಕಿಟಕಿಯ ಪಕ್ಕ ಕೂತವಳಿಗೆ ಬ್ರೇಕ್ ಆಯಿಲ್ ಯಾವುದು, ಕೂಲೆಂಟ್ ಯಾವುದು ಎಂದು ಕಣ್ಣು ಮುಚ್ಚಿಕೊಂಡು ಹೇಳಲು ಬರುತ್ತದೆ. ಆದರೆ ಹೇಳುವ ಹಾಗಿರಲಿಲ್ಲ.

ಅದಕ್ಕೆ ಕಾರಣ ಒಂದು ಬ್ಯಾಟರಿ. ಮದುವೆಯಾಗಿ ಎರಡನೇ ವರ್ಷ. ಗಿರಾಕಿ ಎದುರಿಗಿದ್ದಾಗ ನಾನು ಕಿಟಕಿಯಿಂದಲೇ, “ರೀ, ಬ್ಯಾಟರಿ ಇರ್ಬಹುದೇನೋ ನೋಡಿ,” ಎಂದುಬಿಟ್ಟೆ. ಇವರು ಆಗಲೇ ಸ್ಟಾರ್ಟರ್ ಮೋಟಾರು ಬಿಚ್ಚಿ ಹರಡಿಕೊಂಡಿದ್ದರು. ನೋಡಿದರೆ ಬ್ಯಾಟರಿಯೇ. ಗಿರಾಕಿ ಹೊಟ್ಟೆ ಹಿಡಿದುಕೊಂಡು ನಕ್ಕ. ಇವರು ಮೂರು ದಿನ ನನ್ನ ಜೊತೆ ಮಾತಿಲ್ಲ. ನಾಲ್ಕನೇ ದಿನ, “ನಾನು ನಿನ್ನ ಹೊಲಿಗೆ ಮಿಷನ್ನಿಗೆ ಬಂದು ಬುದ್ಧಿ ಹೇಳ್ತೀನಾ?” ಎಂದರು. ನನಗೂ ಕೋಪ ನೆತ್ತಿಗೇರಿತು. “ಇನ್ನು ನಿಮ್ಮ ಶೆಡ್ಡು ಹೊತ್ತಿ ಉರಿದ್ರೂ ನಾನು ಉಸಿರೆತ್ತಲ್ಲ,” ಎಂದೆ. ನನ್ನ ಬಾಯಿ ಎಂಥದ್ದು ಎಂದು ಬೀದಿಗೆಲ್ಲ ಗೊತ್ತು, ತರಕಾರಿಯವಳಿಂದ ಹಿಡಿದು ನಾದಿನಿಯವರೆಗೆ ಯಾರನ್ನೂ ಬಿಟ್ಟವಳಲ್ಲ. ಆದರೆ ಆ ಮಾತೊಂದನ್ನು ಮಾತ್ರ ಜಪ್ಪಯ್ಯ ಎಂದರೂ ಮುರಿಯಲಿಲ್ಲ. ಹಟ ಎಂದರೆ ಹಟ.

ಹೋದ ಚಳಿಗಾಲದಲ್ಲಿ ಇವರಿಗೆ ಎಂಟು ದಿನ ಜ್ವರ ಬಂತು. ಎದ್ದ ಮೇಲೆ ಮನುಷ್ಯ ಬೇರೆಯೇ ಆಗಿದ್ದರು. ಮೊದಲೆಲ್ಲ ಬಚ್ಚಲಲ್ಲಿ ಮುಖ ತೊಳೆಯುತ್ತಲೇ, “ಈರುಳ್ಳಿ ಜಾಸ್ತಿ ಹುರೀತಾ ಇದೀಯ,” ಎಂದು ಕೂಗುತ್ತಿದ್ದವರು. ಉಪ್ಪು ಒಂದು ಚಿಟಿಕೆ ಹೆಚ್ಚಾದರೆ ತಟ್ಟೆ ದೂರ ತಳ್ಳುತ್ತಿದ್ದವರು. ಈಗ ಹಾಕಿದ್ದನ್ನು ತಲೆ ತಗ್ಗಿಸಿ ತಿಂದು ಎದ್ದು ಹೋಗುತ್ತಿದ್ದರು. ಮೊದಮೊದಲು, ಅಬ್ಬಾ, ಜ್ವರ ಈ ಮನುಷ್ಯನಿಗೆ ಒಳ್ಳೇದು ಮಾಡಿತು ಎಂದುಕೊಂಡೆ. ಒಂದು ದಿನ ಒಲೆಯ ಮೇಲೆ ಹಾಲು ಸೀದು ಕರಕಲಾಯಿತು. ನಾನು ಹಿತ್ತಲಲ್ಲಿದ್ದೆ, ಇವರು ಒಲೆಯ ಪಕ್ಕದಲ್ಲೇ ಪೇಪರ್ ಓದುತ್ತಿದ್ದರು. ನಾನು ಓಡಿಬಂದು ಬೈದಾಗ, “ಏನೋ ಯೋಚನೇಲಿದ್ದೆ,” ಎಂದರು. ಪೇಪರಿನ ಪುಟ ಮಗುಚಿದರು.

ಅವತ್ತಿನಿಂದ ನಾನು ಪರೀಕ್ಷೆ ಶುರುಮಾಡಿದೆ. ಒಂದು ದಿನ ಅಡುಗೆಗೆ ಉಪ್ಪೇ ಹಾಕಲಿಲ್ಲ. ತಿಂದರು, ಕೈ ತೊಳೆದರು. ಮಾರನೇ ದಿನ ಎರಡರಷ್ಟು ಸುರಿದೆ. ತಿಂದರು, ಎರಡು ಲೋಟ ನೀರು ಕುಡಿದರು, ಕೈ ತೊಳೆದರು. ನಾನು ಒಂದು ತುತ್ತು ಬಾಯಿಗಿಟ್ಟು ಉಗಿದೆ. ಹೀಗೆ ಎಷ್ಟೋ ದಿನ. ಒಂದು ಮಾತಿಲ್ಲ, ಮುಖ ಗಂಟಿಕ್ಕುವುದಿಲ್ಲ. ಅಯ್ಯೋ, ಬೈದಿದ್ದರೆ ಹಬ್ಬ ಮಾಡುತ್ತಿದ್ದೆ. ಈ ಮನುಷ್ಯನಿಗೆ ನಾನು ಸಾಕಾಗಿದ್ದೇನೆ, ಕಲ್ಲು ಬೇಯಿಸಿ ಹಾಕಿದರೂ ನುಂಗುತ್ತಾರೆ ಎಂದು ನನಗೆ ನಾನೇ ತೀರ್ಮಾನ ಕೊಟ್ಟುಕೊಂಡೆ. ಜಗಳ ಆಡಲು ಎದುರಿಗೊಬ್ಬರು ಇರಬೇಕಲ್ಲ. ಕೊನೆಗೆ ನಾನೂ ಉಪ್ಪಿನ ಡಬ್ಬಿಯ ಕಡೆ ನೋಡುವುದನ್ನು ಬಿಟ್ಟೆ. ನೆನಪಾದರೆ ಹಾಕುವುದು, ಇಲ್ಲದಿದ್ದರೆ ಇಲ್ಲ. ಕೋಪವೂ ಬರುತ್ತಿರಲಿಲ್ಲ. ನನಗೆ ಕೋಪ ಬರದೇ ಹೋಯಿತು ಎಂದರೆ ನನ್ನನ್ನು ಬಲ್ಲವರು ಯಾರೂ ನಂಬುವುದಿಲ್ಲ.

ಹೀಗಿರುವಾಗ ನರ್ಸಮ್ಮ ಬಂದರು.

ನರ್ಸಮ್ಮ ಎಂದರೆ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರಿಗೆ ಇಂಜೆಕ್ಷನ್ ಕೊಟ್ಟು, ಗಾಯ ತೊಳೆದು ಪಟ್ಟಿ ಕಟ್ಟುವವರು. ಬೆಳಿಗ್ಗೆ ಆರೂವರೆಗೆಲ್ಲ ಕಾರು ಹತ್ತುತ್ತಾರೆ. ಹಳೇ ಬಿಳಿ ಕಾರು, ಹಿಂದಿನ ಸೀಟು ತುಂಬ ಔಷಧಿ ಡಬ್ಬಿಗಳು. “ಮೇಸ್ತ್ರಿ, ಮುಂದಿನ ಗಾಜು ಒಳಗಿಂದ ಮಂಜಾಗ್ತಿದೆ. ಒರೆಸಿದ್ರೆ ಎಣ್ಣೆ ಬಳಿದ ಹಾಗಾಗುತ್ತೆ. ಪಕ್ಕದ ಸೀಟಿನ ಕಾಲಡಿ ಒದ್ದೆ. ಏನೋ ಸಿಹಿ ವಾಸನೆ ಬೇರೆ. ಹೋದ ತಿಂಗಳು ಕೆಮ್ಮಿನ ಸಿರಪ್ಪು ಬಾಟಲಿ ಒಡೆದಿತ್ತು, ಅದೇ ಇರ್ಬೇಕು,” ಎಂದರು.

ಇವರು ಕೈ ಹಿಂದೆ ಕಟ್ಟಿಕೊಂಡು ತಲೆ ಒಳಗೆ ಹಾಕಿದರು. ಎರಡು ಸಲ ಉಸಿರೆಳೆದರು. “ಸಿರಪ್ಪೇ ಅದು. ಎ.ಸಿ. ನೀರು ಹೊರಗೆ ಹೋಗೋ ಕೊಳವೆ ಕಟ್ಟಿಕೊಂಡಿದೆ, ನೀರು ಒಳಗೆ ಬರ್ತಿದೆ. ತೆಗೆದುಕೊಡ್ತೀನಿ,” ಎಂದರು. ಕೊಳವೆಯಲ್ಲಿ ನಿಜವಾಗಿಯೂ ಒಂದಿಷ್ಟು ಕಸವಿತ್ತು, ತೆಗೆದರು. ಕೂಲೆಂಟ್ ಡಬ್ಬಿಯಲ್ಲಿ ಸ್ವಲ್ಪ ಇಳಿದಿತ್ತು, ತುಂಬಿಸಿದರು. ಕಾರ್ಪೆಟ್ ತಂದು ನನ್ನ ಕಿಟಕಿಯ ಮೇಲೆ ಹಾಕಿ ಹೋದರು.

ನಾನದನ್ನು ತಂತಿಯ ಮೇಲೆ ಹರವಿದೆ. ಸಿಹಿ ವಾಸನೆ ಗಪ್ಪೆಂದು ಮುಖಕ್ಕೆ ಹೊಡೆಯಿತು. ಸಿರಪ್ಪಲ್ಲ. ಕೂಲೆಂಟ್. ಅನುಮಾನವೇ ಇಲ್ಲ. ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೆ ಎರಡು ಅಂಗೈಯಷ್ಟಗಲದ ಒಂದು ಪುಟ್ಟ ರೇಡಿಯೇಟರ್ ಇರುತ್ತದೆ, ಹೀಟರ್ ಕೋರ್ ಎನ್ನುತ್ತಾರೆ. ಎಂಜಿನ್ನಿನ ಬಿಸಿ ಕೂಲೆಂಟ್ ಅದರೊಳಗೆ ಸುತ್ತುತ್ತದೆ, ಫ್ಯಾನು ಅದರ ಮೇಲೆ ಗಾಳಿ ಬೀಸುತ್ತದೆ, ಕೂತವರಿಗೆ ಬೆಚ್ಚಗಾಗುತ್ತದೆ. ಅದು ತೂತಾದರೆ ಆವಿ ಬಂದು ಗಾಜಿಗೆ ಜಿಡ್ಡಾಗಿ ಅಂಟುತ್ತದೆ, ಕಾಲಡಿ ನೆನೆಯುತ್ತದೆ. ಇಷ್ಟು ನನಗೇ ಗೊತ್ತು. ಇವರಿಗೆ ಗೊತ್ತಿಲ್ಲದೇ ಇರುತ್ತದೆಯೇ? ಡಬ್ಬಿ ತುಂಬಿಸುವಾಗ ಕೈಯಿಂದ ಚೆಲ್ಲಿರಬೇಕು ಎಂದುಕೊಂಡು ತೊಳೆದು ಒಣಗಿಸಿ ಕೊಟ್ಟೆ.

ಹತ್ತು ದಿನಕ್ಕೆ ನರ್ಸಮ್ಮ ಮತ್ತೆ ಬಂದರು, ಅದೇ ದೂರು. ಇವರು ಮತ್ತೆ ತಲೆ ಹಾಕಿದರು. ನೆಲ ಮುಟ್ಟಿ ಹೆಬ್ಬೆರಳು ತೋರುಬೆರಳು ಉಜ್ಜಿದರು. ಕೂಲೆಂಟಾದರೆ ಜಾರುತ್ತದೆ, ನೀರಾದರೆ ಜಾರುವುದಿಲ್ಲ. ಆದರೆ ಮೂವತ್ತು ವರ್ಷ ಗ್ರೀಸು, ಪೆಟ್ರೋಲು ಕಂಡ ಬೆರಳು, ಕೊರಡಿನ ಹಾಗಾಗಿದೆ. “ನೀರೇ,” ಎಂದರು. ಮತ್ತೆ ಕೊಳವೆ ತೊಳೆದರು. ಮತ್ತೆ ಕಾರ್ಪೆಟ್ ನನ್ನ ಕಿಟಕಿಗೆ ಬಂತು. ಈ ಸಲ ವಾಸನೆ ಕೋಣೆ ತುಂಬ ತುಂಬಿತು. ಬಾಯಿ ತೆರೆದೆ. ಬ್ಯಾಟರಿ ನೆನಪಾಯಿತು. ಮುಚ್ಚಿದೆ. ನಿಜ ಹೇಳಿಬಿಡುತ್ತೇನೆ, ಒಂದು ಸಲ ಎಡವಲಿ, ಮೂಗು ಮೂಗು ಅಂತ ಮೆರೆದದ್ದು ಸಾಕು ಎಂದೂ ಅನ್ನಿಸಿತು. ಬಟ್ಟೆ ಹಿಂಡುವ ಹಾಗೆ ಕಾರ್ಪೆಟ್ ಹಿಂಡಿ ಒಣಹಾಕಿದೆ.

ಮೂರನೇ ಸಲ ಕಾರನ್ನು ಎಳೆದುಕೊಂಡು ಬಂದರು. ಮುಂದಿನ ಬಂಪರ್ ಮುರಿದಿತ್ತು, ಒಂದು ಲೈಟು ನೇತಾಡುತ್ತಿತ್ತು. ನರ್ಸಮ್ಮ ಹಿಂದೆ ಆಟೋದಲ್ಲಿ ಬಂದಿಳಿದರು. ಎಡಗೈ ಮಣಿಕಟ್ಟಿಗೆ ಪಟ್ಟಿ, ತಾವೇ ಕಟ್ಟಿಕೊಂಡದ್ದು. ಬೆಳಿಗ್ಗೆ ಇಳಿಜಾರಿನಲ್ಲಿ ಗಾಜು ಇದ್ದಕ್ಕಿದ್ದ ಹಾಗೆ ಬೆಳ್ಳಗಾಗಿ, ದಾರಿ ಕಾಣದೆ ಶಾಲೆಯ ತಿರುವಿನಲ್ಲಿ ಕಂಬಕ್ಕೆ ಗುದ್ದಿದ್ದರು.

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. “ಮೇಸ್ತ್ರಿ, ಎರಡು ಸಲ ಸರಿ ಇದೆ ಅಂದ್ರಿ. ಇನ್ನರ್ಧ ಗಂಟೆ ತಡವಾಗಿದ್ರೆ ಆ ಕಂಬದ ಹತ್ರ ಮಕ್ಕಳು ನಿಂತಿರ್ತಿದ್ರು,” ಎಂದರು.

ಇವರು ಬಾಗಿಲು ತೆಗೆದು ತಲೆ ಒಳಗೆ ಹಾಕಿದರು. ಎರಡು ಸಲ ಉಸಿರೆಳೆದರು. ಆಮೇಲೆ ಮೂರನೇ ಸಲ. “ವಾಸನೆ ಏನೂ ಇಲ್ವಲ್ಲ,” ಎಂದರು.

ನಾನು ಆಗ ಕೋಣೆಯ ಬಾಗಿಲಲ್ಲಿ ನಿಂತಿದ್ದೆ, ಕಾರಿಗೂ ನನಗೂ ನಡುವೆ ಹತ್ತು ಹೆಜ್ಜೆ. ಅಲ್ಲಿಗೂ ಸಿಹಿ ವಾಸನೆ ರಾಚುತ್ತಿತ್ತು. ನರ್ಸಮ್ಮ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಉಪ್ಪು, ಸೀದ ಹಾಲು, ಜ್ವರ, ಎಲ್ಲವೂ ಒಂದೇ ದಾರಕ್ಕೆ ಪೋಣಿಸಿಕೊಂಡು ಬಂದವು. ಎದೆ ಧಸಕ್ಕೆನ್ನಬೇಕಿತ್ತು. ಎನ್ನಲಿಲ್ಲ. ಒಳಗೆ ಹೋಗಿ ಅರ್ಧಕ್ಕೆ ನಿಂತಿದ್ದ ಸೀಟ್ ಕವರಿನ ಹೊಲಿಗೆ ಪೂರ್ತಿ ಮಾಡಿದೆ.

ನರ್ಸಮ್ಮ ಹೋದ ಮೇಲೆ ಒಂದು ಬಿಳಿ ಬಟ್ಟೆಯ ಚೂರು ತೆಗೆದುಕೊಂಡು ಶೆಡ್ಡಿಗೆ ಹೋದೆ. ಕಾರಿನ ಕಾಲಡಿಗೆ ಒತ್ತಿ ಹಿಡಿದೆ. ಬಟ್ಟೆ ಹಸಿರಾಯಿತು. ಇವರು ಸ್ಟೂಲಿನ ಮೇಲೆ ಕೂತಿದ್ದರು, ಅವರ ಮಂಡಿಯ ಮೇಲೆ ಅದನ್ನು ಇಟ್ಟೆ. ಅದನ್ನೇ ನೋಡುತ್ತಾ ಕೂತರು.

“ಯಾವಾಗಿಂದ?” ಎಂದೆ.

“ಜ್ವರ ಬಿಟ್ಟಾಗಿಂದ. ಮೂಗೂ ಇಲ್ಲ, ನಾಲಿಗೇನೂ ಇಲ್ಲ.”

“ಡಾಕ್ಟ್ರಿಗೆ ತೋರಿಸಿದ್ರಾ?”

“ತೋರಿಸಿದೆ, ನಿನಗೆ ಹೇಳಿರಲಿಲ್ಲ. ಬಂದ್ರೆ ಬರಬಹುದು, ಬರದೇನೂ ಇರಬಹುದು ಅಂದ್ರು.”

“ಒಂದು ವರ್ಷ ನಿಮಗೆ ಉಪ್ಪಿಲ್ಲದ ಊಟ ಹಾಕಿದೀನಿ, ಗೊತ್ತಾ?”

“ಹೌದಾ?” ಎಂದರು. ನಿಜಕ್ಕೂ ಆಶ್ಚರ್ಯವಾಗಿತ್ತು ಅವರಿಗೆ. “ಏನು ತಿಂದ್ರೂ ರಟ್ಟು ಅಗಿದ ಹಾಗಿರುತ್ತೆ. ನೀನು ಮಾಡಿದ್ದಲ್ವಾ, ಚೆನ್ನಾಗೇ ಇರುತ್ತೆ ಅಂತ ತಿಂತಿದ್ದೆ.”

ನೆಲದ ಮೇಲೆ ಒಂದು ನಟ್ಟು ಬಿದ್ದಿತ್ತು, ಎತ್ತಿ ಬೆಂಚಿನ ಮೇಲಿಟ್ಟೆ. ಬೈಗುಳ ನಾಲಿಗೆಯ ತುದಿಯಲ್ಲಿರುವ ಹೆಂಗಸು ನಾನು, ಅವತ್ತು ನನಗೆ ನಾನೇ ಬೈದುಕೊಳ್ಳಲೂ ಒಂದು ಪದ ಸಿಗಲಿಲ್ಲ.

“ಇದೇ ಕೊನೇ ಕಾರು. ಇದನ್ನ ಸರಿಮಾಡಿ ಶೆಡ್ ಮುಚ್ಚಿಬಿಡ್ತೀನಿ,” ಎಂದರು. “ಮಕ್ಕಳು ನಿಂತಿರ್ತಿದ್ರಂತೆ.”

“ನನಗೂ ಗೊತ್ತಿತ್ತು,” ಎಂದೆ. “ಕಾರ್ಪೆಟ್ ಒಣಹಾಕಿದಾಗಲೇ. ಎರಡು ಸಲಾನೂ.”

ಇವರು ತಲೆ ಎತ್ತಿದರು. “ಹೇಳ್ಬಹುದಿತ್ತಲ್ಲ.”

“ಬ್ಯಾಟರಿ,” ಎಂದೆ.

ಇವರ ತುಟಿ ಅಲುಗಿತು. ನಗುವೋ ಅಳುವೋ ನನಗೆ ಗೊತ್ತಾಗಲಿಲ್ಲ. ಎದ್ದು ಮೊಳೆಯಿಂದ ಕೈಪಂಪನ್ನು ಇಳಿಸಿ, ಜೇಡನ ಬಲೆ ಒರೆಸಿದರು.

ಪಂಪನ್ನು ರೇಡಿಯೇಟರಿನ ಬಾಯಿಗೆ ಸಿಕ್ಕಿಸಿ ಒತ್ತಡ ಹಾಕಿದರು. ಅದರ ಮೀಟರಿನ ಮುಳ್ಳು ಏರಿ ನಿಂತಿತು, ಆಮೇಲೆ ಮೆಲ್ಲಗೆ ಇಳಿಯತೊಡಗಿತು. ಎಂಜಿನ್ ಸುತ್ತ ಎಲ್ಲ ಒಣಗಿತ್ತು, ಕೆಳಗೆ ಒಂದು ಹನಿಯಿಲ್ಲ. ನಾನು ಕಾರಿನೊಳಗೆ ಬಗ್ಗಿ ಕಿವಿಗೊಟ್ಟೆ. ಡ್ಯಾಶ್‌ಬೋರ್ಡಿನ ಒಳಗೆಲ್ಲೋ ಟಪ್ ಎಂದಿತು. “ಇಲ್ಲೇ,” ಎಂದೆ. ಇಪ್ಪತ್ತಾರು ವರ್ಷದಲ್ಲಿ ಆ ಶೆಡ್ಡಿನಲ್ಲಿ ರಿಪೇರಿಯ ಬಗ್ಗೆ ನಾನಾಡಿದ ಎರಡನೇ ಮಾತು ಅದು.

ಹೀಟರ್ ಕೋರಿನ ಬೆಲೆ ದೊಡ್ಡದಲ್ಲ, ಅದರ ಹತ್ತಿರ ಹೋಗುವುದೇ ಕಷ್ಟ. ಇಡೀ ಡ್ಯಾಶ್‌ಬೋರ್ಡನ್ನೇ ಕಳಚಬೇಕು. ಎಂಜಿನ್ ತಣಿದ ಮೇಲೆ ಬ್ಯಾಟರಿಯ ತಂತಿ ಬಿಚ್ಚಿ, ಕೂಲೆಂಟ್ ಪೂರ್ತಿ ಬಸಿದು, ಸ್ಟಿಯರಿಂಗ್ ಇಳಿಸಿ, ಒಂದೊಂದೇ ಸ್ಕ್ರೂ ತೆಗೆಯುತ್ತಾ ಹೋದರು. ಇವರ ಪದ್ಧತಿ ಏನೆಂದರೆ ಎಲ್ಲ ಸ್ಕ್ರೂ ಒಂದೇ ತಟ್ಟೆಗೆ ಸುರಿದು, ಕೊನೆಗೆ ಉಳಿದ ನಾಲ್ಕನ್ನು ಜೇಬಿಗೆ ಹಾಕಿಕೊಳ್ಳುವುದು. ನಾನು ಬಿಡಲಿಲ್ಲ. ರಟ್ಟಿನ ಮೇಲೆ ಚಾಕ್‌ಪೀಸಿನಲ್ಲಿ ಡ್ಯಾಶ್‌ಬೋರ್ಡಿನ ಚಿತ್ರ ಬರೆದು, ತೆಗೆದ ಸ್ಕ್ರೂವನ್ನು ಆಯಾ ಜಾಗಕ್ಕೇ ಚುಚ್ಚಿಟ್ಟೆ, ಗುಂಡಿಗಳನ್ನು ಇಡುವ ಹಾಗೆ. ಇವರು ನೋಡಿದರು. ಮುಂದಿನ ಸ್ಕ್ರೂ ನನ್ನ ಕೈಗೇ ಕೊಟ್ಟರು.

ಎರಡನೇ ದಿನ ಮಧ್ಯಾಹ್ನ ಕೋರು ಹೊರಗೆ ಬಂತು. ಒಂದು ಮೂಲೆಯಲ್ಲಿ ಬೆಸುಗೆಯ ಹತ್ತಿರ ಹಸಿರು ಪುಡಿ ಹರಳುಗಟ್ಟಿತ್ತು. ತೂತು ಸೂಜಿಮೊನೆಯಷ್ಟು. ಅಷ್ಟಕ್ಕೆ ಒಂದು ಕಾರು, ಒಂದು ಕೈ, ಒಂದು ಕಂಬ. ವರ್ಷಗಟ್ಟಲೆ ಬದಲಾಯಿಸದ ಹಳೇ ಕೂಲೆಂಟ್ ಒಳಗಿಂದಲೇ ತಿಂದುಹಾಕಿತ್ತು. ಹೊಸ ಕೋರು ತಂದರು. ಅದರ ಸುತ್ತ ಗಾಳಿ ನುಸುಳದಂತೆ ಸ್ಪಂಜಿನ ಪಟ್ಟಿ ಬೇಕಿತ್ತು, ನಾನು ಕತ್ತರಿಸಿಕೊಟ್ಟೆ. ಹೊಸ ಪೈಪು, ಹೊಸ ಕ್ಲಿಪ್ಪು. ಹೊಸ ಕೂಲೆಂಟ್ ತುಂಬಿಸಿ, ಒಳಗಿನ ಗಾಳಿಗುಳ್ಳೆ ಹೋಗುವವರೆಗೆ ಎಂಜಿನ್ ಓಡಿಸಿದರು. ಪಂಪು ಹಾಕಿ ನೋಡಿದರು, ಮುಳ್ಳು ಅಲುಗಲಿಲ್ಲ. ನನ್ನ ರಟ್ಟಿನ ಮೇಲೆ ಒಂದು ಸ್ಕ್ರೂವೂ ಉಳಿಯಲಿಲ್ಲ. ಕಾರ್ಪೆಟ್ಟನ್ನು ನಾಲ್ಕು ನೀರಿನಲ್ಲಿ ತೊಳೆದೆ. ಗಾಜಿನ ಜಿಡ್ಡನ್ನು ಸೋಪು ಹಾಕಿ ಮೂರು ಸಲ ಒರೆಸಿದೆ. ಬಂಪರ್ ಮತ್ತು ಲೈಟಿನ ಕೆಲಸವನ್ನೂ ಇವರೇ ಮುಗಿಸಿದರು.

ಮಾರನೇ ಬೆಳಿಗ್ಗೆ ನರ್ಸಮ್ಮ ಬಂದರು. ಕೀಲಿಗೆ ಕೈ ಚಾಚಲಿಲ್ಲ. “ಈಗ ಸರಿ ಇದೆಯಾ?” ಎಂದು ಕೇಳಿ ಕಾದರು. ಇವರು ಅಭ್ಯಾಸಬಲದಿಂದ ಕೈ ಹಿಂದೆ ಕಟ್ಟಿಕೊಂಡು ಬಾಗಿಲ ಹತ್ತಿರ ಹೋದರು. ತಲೆ ಬಗ್ಗಿಸಿದರು. ಅಲ್ಲೇ ನಿಂತರು. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಮತ್ತೆ ಆ ನಾಟಕ ಆಡಿದರೆ ನನ್ನ ಪಾಲಿಗೆ ಇವರು ಮುಗಿದ ಹಾಗೇ ಎಂದುಕೊಂಡೆ.

ಇವರು ತಲೆ ಹೊರಗೆ ತೆಗೆದರು. “ನನಗೆ ವಾಸನೆ ಗೊತ್ತಾಗಲ್ಲಮ್ಮ. ಒಂದು ವರ್ಷ ಆಯ್ತು. ಎರಡು ಸಲಾನೂ ನಿಮಗೆ ಸುಳ್ಳು ಹೇಳಿದೆ,” ಎಂದರು. ಆಮೇಲೆ ಕಿಟಕಿಯ ಕಡೆ ತಿರುಗಿ, ಗಿರಾಕಿಯ ಎದುರಿಗೇ ಕರೆದರು. “ಬಾರೇ ಇಲ್ಲಿ. ನೀನು ನೋಡು.”

ನರ್ಸಮ್ಮನ ಮುಖ ಕೆಂಪಾಯಿತು. “ದಿನಾ ಬೆಳಗಾದ್ರೆ ನಾನು ನೋಡೋದೇ ಇಂಥದ್ದು. ನನ್ನ ಹತ್ರಾನೂ ಹೇಳ್ಬಾರದಿತ್ತಾ?” ಎಂದರು.

ನಾನು ಡ್ರೈವರ್ ಸೀಟಿನಲ್ಲಿ ಕೂತೆ. ಇವರು ಪಕ್ಕದಲ್ಲಿ ಕೂತರು. ಎಂಜಿನ್ ಹಾಕಿ, ಕಿಟಕಿ ಏರಿಸಿ, ಹೀಟರನ್ನು ಪೂರ್ತಿ ತಿರುಗಿಸಿದೆ. ಬಿಸಿಗಾಳಿ ಮುಖಕ್ಕೆ ಬಂತು. ಕಣ್ಣು ಮುಚ್ಚಿ ಎರಡು ಸಲ ಉಸಿರೆಳೆದೆ.

“ಏನು ಬರ್ತಿದೆ?”

“ಏನೂ ಇಲ್ಲ.”

“ಸರಿಯಾಗಿ ನೋಡು.”

“ಏನೂ ಬರ್ತಿಲ್ಲ ಅಂದ್ನಲ್ರೀ.”

“ನನಗೂ ಅಷ್ಟೇ,” ಎಂದರು.

ಆಗ ನನಗೆ ಅಳು ಬಂತು. ಆ ವರ್ಷದ ಅಳು ಅಷ್ಟೂ ಒಟ್ಟಿಗೆ ಬಂತು. ಇವರು ಗಾಜನ್ನೇ ನೋಡುತ್ತಾ ಕೂತಿದ್ದರು. ಎಷ್ಟು ಹೊತ್ತಾದರೂ ಗಾಜು ಮಂಜಾಗಲಿಲ್ಲ.

ನರ್ಸಮ್ಮ ಕಿಟಕಿ ತಟ್ಟಿದರು. “ಇಳೀತೀರಾ? ಮೂರು ಮನೆಯವರು ಕಾಯ್ತಿದಾರೆ.” ಕೀಲಿ ಇಸಕೊಂಡು, “ಇನ್ನೊಂದು ಸಲ ಮಂಜಾದ್ರೆ ನಿಮ್ಮ ಹತ್ರ ಬರಲ್ಲ,” ಎಂದರು. ಎರಡು ಹೆಜ್ಜೆ ಹೋಗಿ ತಿರುಗಿ ನೋಡಿದರು, ಇವರನ್ನಲ್ಲ, ನನ್ನನ್ನು. “ಬಂದ್ರೂ ನೀವಿದ್ರೆ ಮಾತ್ರ ಬರ್ತೀನಿ.” ಶೆಡ್ ಮುಚ್ಚುವ ಮಾತನ್ನು ಇವರು ಮತ್ತೆ ಎತ್ತಲಿಲ್ಲ. ನಾನೂ ಕೇಳಲಿಲ್ಲ.

ಅವತ್ತು ಮಧ್ಯಾಹ್ನ ಅಡುಗೆಗೆ ಅಳೆದು ಉಪ್ಪು ಹಾಕಿದೆ, ಎರಡು ಸಲ ರುಚಿ ನೋಡಿದೆ. ತಟ್ಟೆ ಮುಂದಿಟ್ಟೆ. ಇವರು ತುತ್ತು ಕೈಯಲ್ಲಿ ಹಿಡಿದುಕೊಂಡು ನನ್ನ ಮುಖ ನೋಡಿದರು.

“ಹೇಗಾಗಿದೆ?” ಎಂದು ನನ್ನನ್ನು ಕೇಳಿದರು.

“ಉಪ್ಪು ಸರಿಯಾಗಿದೆ,” ಎಂದೆ. “ತಿನ್ನಿ.”